ಆ ಹುಡುಗ ನಗುತ್ತಾನೆಯೇ?

ಗಣೇಶೋತ್ಸವದ ರಜೆ ಮುಗಿದು ಶಾಲೆಗಳು ಮತ್ತೆ ಆರಂಭವಾಗಿದ್ದ ದಿನಗಳವು. ರಾತ್ರಿ ಊಟಕ್ಕೆ ಕುಳಿತಾಗ, ಆರನೆಯ ತರಗತಿಯಲ್ಲಿ ಓದುವ ನನ್ನ ಮಗಳು ತನ್ನ ತರಗತಿಯ ತಮಾಷೆಯೊಂದನ್ನು ಹೇಳತೊಡಗಿದಳು. ಅವಳ ಸಹಪಾಠಿಯೊಬ್ಬ ಊಟದ ಡಬ್ಬಿಯನ್ನು ಮನೆಯಲ್ಲಿಯೇ ಮರೆತು ಬಂದಿದ್ದನಂತೆ. ಅವನ ತಾಯಿ ಅದನ್ನು ಹಿಡಿದುಕೊಂಡು ಶಾಲೆಯ ಗೇಟಿನವರೆಗೆ ಓಡಿಬಂದು, "ಯಪ್ಪಾ, ಡಬ್ಬಿ ಬಿಟ್ಟು ಬಂದೀಯಲ್ಲೋ!" ಎಂದು ಕೂಗಿದರಂತೆ. ಸುತ್ತಲಿದ್ದ ಮಕ್ಕಳಿಗೆ ಆ ಮಾತು ತಿಳಿಯಲಿಲ್ಲ. ತರಗತಿಯಲ್ಲಿ ಕನ್ನಡ ಬಲ್ಲ ಇನ್ನೊಂದು ಮಗುವೆಂದರೆ ನನ್ನ ಮಗಳೊಬ್ಬಳೇ. ಎಲ್ಲರೂ ಅವಳನ್ನು ಕೇಳಿದರು. ಅವಳು ಅರ್ಥ ಹೇಳಿದಳು. ಅಪ್ಪಾ ಎಂದರೆ ಬಾಬಾ. ತಾಯಿಯೇ ಮಗನನ್ನು ಬಾಬಾ ಎಂದು ಕರೆಯುತ್ತಾಳೆ! ಅಂದಿನಿಂದ ಆ ಹುಡುಗನ ಹೆಸರು 'ಬಾಬಾ' ಆಯಿತು. ಬೆಳಿಗ್ಗೆ ಅವನು ತರಗತಿಯೊಳಗೆ ಬಂದರೆ ನಾಲ್ಕೈದು ಹುಡುಗರು ಸಾಲಾಗಿ ಹೋಗಿ ಕಾಲುಮುಟ್ಟಿ ಆಶೀರ್ವಾದ ಬೇಡುತ್ತಾರೆ. ಶುಲ್ಕದ ಚೀಟಿ ಬಂದರೆ "ಬಾಬಾ ಕಟ್ಟುತ್ತಾರೆ" ಎನ್ನುತ್ತಾರೆ.

ನಾನು ನಕ್ಕೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಗಳು ಕಾಲುಮುಟ್ಟುವುದನ್ನು ಅಭಿನಯಿಸಿ ತೋರಿಸಿದ ರೀತಿ ಹಾಗಿತ್ತು. ಆಗ ನನ್ನ ಹೆಂಡತಿ, ರೊಟ್ಟಿ ಬಡಿಸುತ್ತಿದ್ದವಳು, ಕೈ ನಿಲ್ಲಿಸಿ ಒಂದೇ ಒಂದು ಪ್ರಶ್ನೆ ಕೇಳಿದಳು: "ಅದಕ್ಕ ಆ ಹುಡುಗ ನಗತಾನೇನು?"

ಮಗಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಮೊದಲ ನಕ್ಕಾ. ಈಗ ನಗೂದಿಲ್ಲ."

ಈ ಲೇಖನಕ್ಕೆ ಕಾರಣವಾದದ್ದು ಆ ಉತ್ತರ. ಮಕ್ಕಳ ಮೇಲೆ ಮಕ್ಕಳೇ ನಡೆಸುವ ಹಿಂಸೆಯ ಬಗ್ಗೆ ನಾವು ಮಾತನಾಡುವಾಗಲೆಲ್ಲ ನಮ್ಮ ಮಗು ಅದಕ್ಕೆ ಬಲಿಯಾದೀತೆಂಬ ಭಯದಿಂದ ಮಾತನಾಡುತ್ತೇವೆ. ಊರು ಬಿಟ್ಟು ಬಂದ ನಮ್ಮಂಥವರಲ್ಲಿ, ಅದರಲ್ಲಿಯೂ ಮೂರು ನಾಲ್ಕು ವರ್ಷಗಳಿಗೊಮ್ಮೆ ವರ್ಗಾವಣೆಯ ಆದೇಶ ಹಿಡಿದು ಹೊಸ ಊರಿಗೆ ಹೋಗುವ ಕೇಂದ್ರ ಸರ್ಕಾರದ ನೌಕರರಲ್ಲಿ, ಈ ಭಯ ಸಹಜ. ಹೊಸ ಶಾಲೆ, ಹೊಸ ಭಾಷೆ, ಬೇರೆ ಉಚ್ಚಾರಣೆ. ನನ್ನ ಮಗಳ ಮರಾಠಿಯನ್ನು ಯಾರಾದರೂ ಆಡಿಕೊಂಡಾರೆಂದು ಮೊದಲ ವರ್ಷ ನಾನು ಎಚ್ಚರದಿಂದಿದ್ದೆ. ಅವಳು ಒಂದೇ ವರ್ಷದಲ್ಲಿ ಪುಣೆಯ ಮರಾಠಿಯನ್ನು ಪುಣೆಯವರ ಹಾಗೆಯೇ ಆಡಲು ಕಲಿತಾಗ ಹೆಮ್ಮೆಪಟ್ಟೆ. ಆಡಿಕೊಳ್ಳುವವರ ಗುಂಪಿನಲ್ಲಿ ಅವಳೇ ನಿಂತಿರಬಹುದೆಂಬುದು, ಆಡಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಅವಳ ಕನ್ನಡವೇ ಒದಗಿಸಬಹುದೆಂಬುದು ನನ್ನ ಕಲ್ಪನೆಗೂ ಬಂದಿರಲಿಲ್ಲ.

ಆ ಹುಡುಗನ ಮನೆಯವರು ಕಲಬುರಗಿ ಕಡೆಯವರು. ತಂದೆ ಶಾಲೆಯ ಸಮೀಪದ ಕಟ್ಟಡವೊಂದರ ಕಾವಲುಗಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ದುರ್ಬಲ ವರ್ಗದ ಮಕ್ಕಳಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆಯಲ್ಲ, ಆ ದಾರಿಯಿಂದ ಬಂದವನು. ಶುಲ್ಕದ ಚೀಟಿಯ ಮೇಲಿನ ಹಾಸ್ಯ ಎಷ್ಟು ಕ್ರೂರವಾದುದೆಂದು ಅದರಿಂದ ತಿಳಿದೀತು. ಅದನ್ನು ಹೇಳಿದ ಹುಡುಗನಿಗೆ ಅದರ ಪೂರ್ಣ ಅರ್ಥ ಗೊತ್ತಿತ್ತೋ ಇಲ್ಲವೋ, ಕೇಳಿದವನಿಗಂತೂ ಗೊತ್ತಿತ್ತು.

ನಾನು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದಿದವನು. 'ಬುಲ್ಲಿ' ಎಂಬ ಪದವನ್ನು ಮೊದಲು ಕಂಡದ್ದು ಪುಸ್ತಕಗಳಲ್ಲಿ. ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯ ಫ್ಲ್ಯಾಶ್‌ಮನ್ ಎಂಬ ಹಿರಿಯ ವಿದ್ಯಾರ್ಥಿ, ಕಿರಿಯ ಹುಡುಗನನ್ನು ಬೆಂಕಿಯ ಮುಂದೆ ಹಿಡಿದು ಸುಡುತ್ತಾನೆ. ಬುಲ್ಲಿ ಎಂದರೆ ಅಂಥವನು, ದೈತ್ಯ, ಎಂದು ನನ್ನ ಮನಸ್ಸಿನಲ್ಲಿ ಕುಳಿತಿತ್ತು. ಆದರೆ ಆ ಪದದ ಚರಿತ್ರೆಯೇ ವಿಚಿತ್ರವಾದುದು. ಹದಿನಾರನೆಯ ಶತಮಾನದಲ್ಲಿ ಅದು ಪ್ರೀತಿಯ ಸಂಬೋಧನೆಯಾಗಿತ್ತು; ಬಹುಶಃ ಡಚ್ ಭಾಷೆಯಿಂದ ಬಂದದ್ದು, ನಲ್ಲ, ಗೆಳೆಯ ಎಂಬ ಅರ್ಥದಲ್ಲಿ. ಶೇಕ್ಸ್‌ಪಿಯರನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ನೇಕಾರ ಬಾಟಮ್‌ನನ್ನು ಅವನ ಸಂಗಾತಿಗಳು ಅಕ್ಕರೆಯಿಂದ ಕರೆಯುವುದು ಇದೇ ಪದದಿಂದ. ಅಕ್ಕರೆಯ ಪದ ನೂರು ವರ್ಷಗಳಲ್ಲಿ ಹಿಂಸಕನ ಹೆಸರಾಯಿತು. ನಮ್ಮ 'ಯಪ್ಪಾ' ಆ ಗೇಟಿನಿಂದ ತರಗತಿಯವರೆಗೆ ನಡೆಯುವಷ್ಟರಲ್ಲಿಯೇ ಆ ದಾರಿಯನ್ನು ಸವೆಸಿಬಿಟ್ಟಿತು.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ನಮ್ಮಲ್ಲಿ ಪದಗಳಿಗೆ ಕೊರತೆಯಿಲ್ಲ. ಒಂದು ಕಡೆ ಕೀಟಲೆ, ಚೇಷ್ಟೆ, ಗೇಲಿ, ಲೇವಡಿ, ಕುಚೋದ್ಯ. ಇನ್ನೊಂದು ಕಡೆ ಹಿಂಸೆ, ಪೀಡನೆ, ಕಿರುಕುಳ, ದೌರ್ಜನ್ಯ. ಮೊದಲನೆಯ ಸಾಲಿನ ಪದಗಳೆಲ್ಲ ಕ್ಷಮೆಯನ್ನು ತಮ್ಮೊಳಗೇ ಇಟ್ಟುಕೊಂಡಿವೆ. ಕೀಟಲೆ ಎಂದ ಕೂಡಲೇ ಹಿರಿಯರ ಮುಖದಲ್ಲಿ ನಗು ಮೂಡುತ್ತದೆ. ಎರಡನೆಯ ಸಾಲಿನವು ಪತ್ರಿಕೆಗಳಿಗೂ ಪೊಲೀಸ್ ಠಾಣೆಗಳಿಗೂ ಸೇರಿದವು. ಹನ್ನೊಂದು ವರ್ಷದ ಮಗು ಮನೆಗೆ ಬಂದು "ನನ್ನ ಮೇಲೆ ದೌರ್ಜನ್ಯವಾಯಿತು" ಎನ್ನುವುದಿಲ್ಲ. ಮರಾಠಿಯಲ್ಲಿಯೂ ಹೀಗೆಯೇ: 'ಚಿಡವಣಂ' ತೀರ ಹಗುರ, 'ಛಳ' ತೀರ ಭಾರ. ನಡುವೆ ನಮ್ಮಲ್ಲೊಂದು ಹಳೆಯ ಪದವಿದೆ, 'ಕಾಟ'. ಅದು ಮಕ್ಕಳ ಬಾಯಿಗೂ ಬರುತ್ತದೆ. ಒಂದು ಸಲ ಮಾಡಿದ್ದನ್ನು ನಾವು ಕಾಟ ಎನ್ನುವುದಿಲ್ಲ. ದಿನವೂ ಬೆನ್ನುಬಿದ್ದರೆ ಕಾಟ. ಸರಿಸಮನಾದವನೊಡನೆ ಆಗುವುದು ಜಗಳ. ತಪ್ಪಿಸಿಕೊಳ್ಳಲಾಗದವನ ಮೇಲೆ ನಡೆಯುವುದು ಕಾಟ.

ವಿದ್ವಾಂಸರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಈ ವಿಷಯವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಮೊದಲಿಗರು ಡಾನ್ ಓಲ್ವೇಯಸ್. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಅದಕ್ಕೆ ಕಾರಣವಿರಬಹುದೆಂಬ ಸುದ್ದಿ ಇಡೀ ದೇಶವನ್ನು ಕಲಕಿತು. ಮರುವರ್ಷವೇ ಅಲ್ಲಿನ ಸರ್ಕಾರ ಇದರ ವಿರುದ್ಧ ರಾಷ್ಟ್ರವ್ಯಾಪಿ ಅಭಿಯಾನ ಆರಂಭಿಸಿತು. ಓಲ್ವೇಯಸ್ ಗುರುತಿಸಿದ ಲಕ್ಷಣಗಳು ಮೂರು: ನೋಯಿಸುವ ಉದ್ದೇಶ, ಪುನರಾವರ್ತನೆ ಮತ್ತು ಬಲದ ಅಸಮಾನತೆ. ಇವುಗಳಲ್ಲಿ ಮಕ್ಕಳಿಗೆ ಕಲಿಸಲು ಅತಿ ಕಷ್ಟವಾದುದು ಮೊದಲನೆಯದು, ಏಕೆಂದರೆ "ನಾನು ತಮಾಷೆಗೆ ಮಾಡಿದೆ" ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ, ಮತ್ತು ಹಲವು ಸಲ ಅದು ಸುಳ್ಳೂ ಅಲ್ಲ. ನನ್ನ ಮಗಳು ನಿಜವಾಗಿಯೂ ಯಾರನ್ನೂ ನೋಯಿಸಲು ಹೊರಟವಳಲ್ಲ. ಆದ್ದರಿಂದ ಮಕ್ಕಳೊಡನೆ ಉದ್ದೇಶದ ವಿಚಾರಣೆ ನಡೆಸುವುದಕ್ಕಿಂತ ನನ್ನ ಹೆಂಡತಿಯ ಪ್ರಶ್ನೆಯೇ ಉತ್ತಮ ಎಂದು ನನಗೆ ತೋರುತ್ತದೆ. ಅವನು ನಗುತ್ತಾನೆಯೇ? ನಕ್ಕರೂ ಕಣ್ಣು ನಗುತ್ತದೆಯೇ? ಅವನು ಸಾಕು ಎಂದರೆ ನಿಲ್ಲುತ್ತದೆಯೇ? ನಿನ್ನೆಯೂ ಅವನೇ, ಇಂದೂ ಅವನೇ, ನಾಳೆಯೂ ಅವನೇ ಏಕೆ? ಇಷ್ಟನ್ನು ಎಂಟು ವರ್ಷದ ಮಗುವೂ ನೋಡಿ ಹೇಳಬಲ್ಲದು. ಗುರುತಿಸುವುದನ್ನು ಕಲಿಸುವುದೆಂದರೆ ಹೀಗೆ ನೋಡುವುದನ್ನು ಕಲಿಸುವುದು.

ಸ್ಪಂದಿಸುವುದನ್ನು ಕಲಿಸುವುದು ಇನ್ನೂ ಕಠಿಣ. ನಮ್ಮ ಮನೆಗಳಲ್ಲಿ ಪೀಡಿತ ಮಗುವಿಗೆ ಸಿಗುವ ಸಲಹೆಗಳು ಎರಡೇ. ಒಂದು, "ನೀನೂ ಎರಡು ಬಿಡು." ಇನ್ನೊಂದು, "ಲಕ್ಷ್ಯ ಕೊಡಬ್ಯಾಡ, ಹೊಂದಿಕೊಂಡು ಹೋಗು." ತನಗಿಂತ ಬಲಶಾಲಿಯಾದವನಿಗೆ, ಅದೂ ಒಂದು ಗುಂಪಿಗೆ, ತಿರುಗಿ ಹೊಡೆಯಲಾಗದೆ ತಾನೇ ಆ ಮಗು ನಮ್ಮ ಬಳಿ ಬಂದದ್ದು? ಎರಡನೆಯದು ಹೊರನಾಡ ಕನ್ನಡಿಗರಾದ ನಮ್ಮ ವಿಶೇಷ ಸಲಹೆ. ಹೊಂದಿಕೊಳ್ಳುವುದರಿಂದಲೇ ನಾವು ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಬಾಳಿದ್ದೇವೆ. ಅದು ದೊಡ್ಡ ಗುಣವೇ. ಆದರೆ ಮಗುವಿನ ಕಿವಿಯಲ್ಲಿ ಆ ಮಾತು 'ಮತ್ತೆ ಬಂದು ಹೇಳಬೇಡ' ಎಂದು ಕೇಳಿಸುತ್ತದೆ. ಜೊತೆಗೆ 'ಚಾಡಿಕೋರ' ಎಂಬ ಬಿರುದಿನ ಹೆದರಿಕೆ ಬೇರೆ. ಒಬ್ಬನನ್ನು ಸಿಕ್ಕಿಸುವುದಕ್ಕಾಗಿ ಹೇಳುವುದು ಚಾಡಿ, ಒಬ್ಬನನ್ನು ಬಿಡಿಸುವುದಕ್ಕಾಗಿ ಹೇಳುವುದು ದೂರು. ಈ ವ್ಯತ್ಯಾಸವನ್ನು ನಾವು ಬಾಯಿಬಿಟ್ಟು ಹೇಳದೆ ಮಕ್ಕಳು ತಾವಾಗಿಯೇ ಕಂಡುಕೊಳ್ಳುವುದಿಲ್ಲ.

ಆದರೂ ನನ್ನ ಮುಖ್ಯ ವಾದ ಪೀಡಿತನ ಬಗ್ಗೆಯೂ ಅಲ್ಲ, ಪೀಡಕನ ಬಗ್ಗೆಯೂ ಅಲ್ಲ. ಕಾಲುಮುಟ್ಟಿದವರು ನಾಲ್ಕೈದು ಹುಡುಗರು. ತರಗತಿಯಲ್ಲಿದ್ದವರು ನಲವತ್ತು ಮಂದಿ. ಉಳಿದ ಮೂವತ್ತೈದು ಮಕ್ಕಳ ನಗುವಿಲ್ಲದಿದ್ದರೆ ಆ ಆಟ ಎರಡನೆಯ ದಿನಕ್ಕೆ ಸತ್ತುಹೋಗುತ್ತಿತ್ತು. ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಮತ್ತು ಅವರ ಸಂಗಡಿಗರು 1996ರಲ್ಲಿಯೇ ಈ ನೋಡುಗರನ್ನು ವಿಂಗಡಿಸಿದರು: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ರಕ್ಷಣೆಗೆ ನಿಲ್ಲುವವರು. ಕೆನಡಾದ ಸಂಶೋಧಕರು ಟೊರೊಂಟೊದ ಶಾಲಾ ಮೈದಾನಗಳಲ್ಲಿ ಮಕ್ಕಳ ಆಟವನ್ನು ಚಿತ್ರೀಕರಿಸಿ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಇಂಥ ಪ್ರಸಂಗಗಳಲ್ಲಿ ಶೇ. 88ರಷ್ಟರಲ್ಲಿ ಬೇರೆ ಮಕ್ಕಳು ನೋಡುತ್ತಿದ್ದರು. ಅವರು ಮಧ್ಯೆ ಪ್ರವೇಶಿಸಿದ್ದು ಶೇ. 19ರಷ್ಟರಲ್ಲಿ ಮಾತ್ರ. ಆದರೆ ಹಾಗೆ ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡುಗಳೊಳಗೆ ಕಾಟ ನಿಂತುಹೋಯಿತು. ಹತ್ತು ಸೆಕೆಂಡು! ಶಿಕ್ಷಕರು ವರಾಂಡ ದಾಟಿ ಬರುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಸಾಲ್ಮಿವಾಲ್ಲಿಯವರ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ಶಾಲಾ ಕಾರ್ಯಕ್ರಮದ ಹೆಸರು 'ಕಿವಾ'. ಫಿನ್ನಿಷ್ ಭಾಷೆಯಲ್ಲಿ ಆ ಪದಕ್ಕೆ ಸೊಗಸು ಎಂದು ಅರ್ಥವಂತೆ. ಕನ್ನಡಿಗನಿಗೆ ಅದು ಕಿವಿ ಎಂದೇ ಕೇಳಿಸುತ್ತದೆ, ಅದೂ ತಪ್ಪೇನಲ್ಲ. ಅಲ್ಲಿ ವರ್ಷವಿಡೀ ತರಗತಿಯಲ್ಲಿ ಚರ್ಚೆ, ಪಾತ್ರಾಭಿನಯ ನಡೆಯುತ್ತವೆ. ಒಂದು ಪ್ರಸಂಗ ಬೆಳಕಿಗೆ ಬಂದಾಗ ಶಿಕ್ಷಕರು ಕಾಟ ಕೊಟ್ಟವರೊಡನೆ ಮಾತನಾಡುವುದರ ಜೊತೆಗೆ ತರಗತಿಯ ಎರಡು ನಾಲ್ಕು ಮಂದಿ ಒಳ್ಳೆಯ ಮಕ್ಕಳನ್ನು ಪ್ರತ್ಯೇಕವಾಗಿ ಕರೆದು, ಆ ಮಗುವಿಗೆ ನೀವು ಹೇಗೆ ಜೊತೆಯಾಗಬಲ್ಲಿರಿ ಎಂದು ಕೇಳುತ್ತಾರೆ. ಇದಕ್ಕೆ ಧೈರ್ಯಶಾಲಿ ಭಾಷಣ ಬೇಕಿಲ್ಲ. ನಗದಿರುವುದು ಒಂದು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುವುದು ಒಂದು. "ಬಾ, ಆಡೋಣ" ಎಂದು ಕರೆದುಕೊಂಡು ಹೋಗುವುದು ಒಂದು. ಹೆದರಿಕೆಯಾದರೆ ಹೋಗಿ ಶಿಕ್ಷಕರಿಗೆ ಹೇಳುವುದು. ಎದುರುನಿಂತು ಜಗಳವಾಡೆಂದು ನಾನು ನನ್ನ ಮಗಳಿಗೂ ಹೇಳಲಾರೆ; ನನ್ನ ಕಚೇರಿಯಲ್ಲಿ ನಾನೇ ಎಷ್ಟು ಸಲ ಹಾಗೆ ನಿಂತಿದ್ದೇನೆ?

ನಮ್ಮ ದೇಶದ ಗಮನವೆಲ್ಲ ಕಾಲೇಜುಗಳ ರ‍್ಯಾಗಿಂಗ್ ಕಡೆಗೆ ಹರಿದಿದೆ. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯಲ್ಲಿ ಅದಕ್ಕೆ ಶಿಕ್ಷೆಯುಂಟು. ಮಹಾರಾಷ್ಟ್ರ 1999ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಸುಪ್ರೀಂ ಕೋರ್ಟಿನ ಆಶಯದಂತೆ ರಚಿತವಾದ ಆರ್.ಕೆ. ರಾಘವನ್ ಸಮಿತಿ 2007ರಲ್ಲಿ ವರದಿ ನೀಡಿತು. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರೂ ಸತ್ತ ಮೇಲೆ ಯುಜಿಸಿ ಅದೇ ವರ್ಷ ಕಟ್ಟುನಿಟ್ಟಿನ ನಿಯಮಗಳನ್ನು ಹೊರಡಿಸಿತು. ಇವೆಲ್ಲ ಬೇಕಾದವೇ. ಆದರೆ ಹದಿನೆಂಟರ ತರುಣ ಒಮ್ಮೆಲೇ ಹಿಂಸಕನಾಗುವುದಿಲ್ಲ. ಆರನೆಯ ತರಗತಿಯಲ್ಲಿ ಅವನಿಗೆ ಚಪ್ಪಾಳೆ ಸಿಕ್ಕಿರುತ್ತದೆ. ಶಾಲೆಗಳ ಮಟ್ಟದಲ್ಲಿ ಸಿಬಿಎಸ್‌ಇ 2015ರ ಮಾರ್ಚಿನಲ್ಲಿ ಸುತ್ತೋಲೆ ಹೊರಡಿಸಿ, ಪ್ರತಿ ಶಾಲೆಯೂ ಇದನ್ನು ತಡೆಯಲು ಸಮಿತಿ ರಚಿಸಬೇಕೆಂದು ಹೇಳಿತು. ಸುತ್ತೋಲೆಗಳ ನಡುವೆಯೇ ಜೀವನ ಸವೆಸುತ್ತಿರುವ ನನಗೆ ಸುತ್ತೋಲೆಯ ಗತಿ ಏನೆಂದು ಚೆನ್ನಾಗಿ ಗೊತ್ತು: ಅದು ಕಡತಕ್ಕೆ ಸೇರುತ್ತದೆ, ಸಮಿತಿಯ ಸದಸ್ಯರ ಹೆಸರುಗಳು ಫಲಕಕ್ಕೆ ಸೇರುತ್ತವೆ. ಫಲಕದಲ್ಲಿರುವ ಹೆಸರುಗಳಲ್ಲಿ ಒಂದನ್ನಾದರೂ ಮಗು ಹೇಳಬಲ್ಲದೇ ಎಂದು ಕೇಳಿನೋಡಬೇಕು. ಮನೆಯಲ್ಲಿಯೂ ಶಾಲೆಯಲ್ಲಿಯೂ ಯಾರಿಗೂ ಹೇಳಲಾಗದ ಮಗುವಿಗೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಅದನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟರೆ ನಷ್ಟವಿಲ್ಲ.

ಕಾಟ ಯಾರ ಮೇಲೆ ನಡೆಯುತ್ತದೆ ಎಂಬುದು ಆಕಸ್ಮಿಕವಲ್ಲ. ಪುಣೆಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಗೋಣಿತಾಟಿನ ಮೇಲೆ ಒಂಟಿಯಾಗಿ ಕೂರಬೇಕಿತ್ತು. ಆ ತಾಟನ್ನು ದಿನವೂ ಮನೆಗೆ ಒಯ್ದು ತರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಅವರೇ ಬರೆದಿಟ್ಟ ಸಂಗತಿಯಿದು. ಆ ತರಗತಿಯಲ್ಲಿ ಫ್ಲ್ಯಾಶ್‌ಮನ್ ಬೇಕಾಗಿರಲಿಲ್ಲ, ಸುಮ್ಮನೆ ನೋಡುತ್ತ ಕುಳಿತವರೇ ಸಾಕಾಗಿದ್ದರು. ಇಂದು ಗೋಣಿತಾಟಿಲ್ಲ, ಆದರೆ ಯಾರ ತಾಯಿಯ ಕೂಗು ನಗೆಗೀಡಾಗುತ್ತದೆ, ಯಾರದು ಆಗುವುದಿಲ್ಲ ಎಂಬುದನ್ನು ಮಕ್ಕಳು ನಮ್ಮಿಂದಲೇ ಕಲಿತಿರುತ್ತಾರೆ. ಇದನ್ನು ಕನ್ನಡ ಮರಾಠಿಗಳ ಜಗಳವಾಗಿ ಓದಬೇಡಿರೆಂದು ಓದುಗರಲ್ಲಿ ವಿನಂತಿ. ನಾನು ಓದಿದ್ದು ಅಚ್ಚಗನ್ನಡ ಶಾಲೆಯಲ್ಲಿ. ಅಲ್ಲಿ ಹಳ್ಳಿಯಿಂದ ಬರುತ್ತಿದ್ದ, ತೊದಲುತ್ತಿದ್ದ ಒಬ್ಬ ಹುಡುಗನಿಗೆ ನಾವೆಲ್ಲ ಸೇರಿ ಅಡ್ಡಹೆಸರಿಟ್ಟಿದ್ದೆವು. ಎಂಟನೆಯ ತರಗತಿಯ ನಡುವೆ ಅವನು ಶಾಲೆ ಬಿಟ್ಟ. ಆ ಅಡ್ಡಹೆಸರು ನನಗೆ ಇಂದಿಗೂ ನೆನಪಿದೆ. ಅವನ ನಿಜವಾದ ಹೆಸರು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಅಂದು ಊಟದ ನಂತರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ: "ಧಾರವಾಡದ ಅಜ್ಜಿ ನಿನಗ ಏನಂತ ಕರೀತಾಳ?" ಅವಳು, "ಯವ್ವಾ ಅಂತ" ಎಂದಳು. ಹಾಗೆಂದ ಕೂಡಲೇ ತಲೆ ತಗ್ಗಿಸಿದಳು. ಮೊಮ್ಮಗಳನ್ನು ಅವ್ವ ಎಂದೂ ಮಗನನ್ನು ಅಪ್ಪ ಎಂದೂ ಕರೆಯುವ ನಾಡಿನ ಮಗು ಅವಳು. ಗೆಳೆಯರಿಗೆ ಅವಳು ಹೇಳಿದ್ದು ಅರ್ಧ ಅರ್ಥ. ಉಳಿದರ್ಧ ಅವಳಿಗೆ ತಿಳಿಯದೇ ಇರಲಿಲ್ಲ. ಅದನ್ನು ಹೇಳಿದರೆ ತಾನೂ 'ಅವರ ಕಡೆಯವಳು' ಆಗುತ್ತಿದ್ದಳಲ್ಲ, ಆ ಅಳುಕು. ಹೊಂದಿಕೊಳ್ಳುವುದನ್ನು ನಾನು ಎಷ್ಟು ಚೆನ್ನಾಗಿ ಕಲಿಸಿದ್ದೆನೆಂದು ಆಗ ಗೊತ್ತಾಯಿತು. ಎಲ್ಲರೆದುರು ಕ್ಷಮೆ ಕೇಳೆಂದು ನಾನು ಅವಳಿಗೆ ಹೇಳಲಿಲ್ಲ. ಹಾಗೆ ಮಾಡಿದ್ದರೆ ಆ ಹುಡುಗ ಇನ್ನೊಮ್ಮೆ ನಲವತ್ತು ಕಣ್ಣುಗಳ ನಡುವೆ ನಿಲ್ಲಬೇಕಾಗುತ್ತಿತ್ತು. ಮರುದಿನ ಅವಳು ತನಗೆ ತೋಚಿದಂತೆ ಮೂವರು ಗೆಳತಿಯರಿಗೆ, ನನಗೂ ನಮ್ಮಜ್ಜಿ ಹೀಗೆಯೇ ಕರೆಯುತ್ತಾಳೆ, ಇದು ಮುದ್ದಿನ ಮಾತು ಎಂದು ಹೇಳಿದಳಂತೆ. ಅವರಲ್ಲೊಬ್ಬಳು, ನಮ್ಮಲ್ಲಿಯೂ ಸಣ್ಣ ಮಗುವಿಗೆ 'ಬಾಳಾ' ಎನ್ನುವಂತೆ 'ಬಾಬಾ' ಎಂದೂ ಕರೆಯುತ್ತಾರಲ್ಲ ಎಂದಳಂತೆ. ಇಷ್ಟು ಸರಳವಾದ ಸಂಗತಿ ಒಂದು ತಿಂಗಳು ಯಾರಿಗೂ ಹೊಳೆದಿರಲಿಲ್ಲ.

ನಾನು ತರಗತಿಯ ಶಿಕ್ಷಕಿಯನ್ನು ಕಂಡೆ. "ಮುಲಂ ಆಹೇತ, ಚಾಲಾಯಚಂಚ" ಎಂದರು. ಮಕ್ಕಳಲ್ಲವೇ, ಇದೆಲ್ಲ ನಡೆಯುವಂಥದ್ದೇ ಎಂದು. ಕೆಟ್ಟವರೇನಲ್ಲ, ಐವತ್ತು ಕೆಲಸಗಳ ನಡುವೆ ಇದ್ದವರು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುತ್ತೇನೆ ಎಂದಾಗ, ದಯವಿಟ್ಟು ಅದೊಂದನ್ನು ಮಾತ್ರ ಮಾಡಬೇಡಿ ಎಂದು ಬೇಡಿಕೊಂಡೆ. ಕೈಕುಲುಕುವುದು ಸಮಾನರ ಜಗಳಕ್ಕೆ ಸರಿ. ಬದಲಿಗೆ ಹದಿನೈದು ದಿನಕ್ಕೊಂದು ಅವಧಿಯನ್ನು ಇದಕ್ಕೆ ಬಿಡಿಸಿಕೊಡಲಾದೀತೇ, ಮಕ್ಕಳಿಂದಲೇ ಸಣ್ಣ ಪ್ರಸಂಗಗಳನ್ನು ಅಭಿನಯಿಸಿ ನೋಡುಗರ ಪಾತ್ರವನ್ನು ಬದಲಿಸಿ ಆಡಿಸಲಾದೀತೇ ಎಂದು ಕೇಳಿದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ನಮ್ಮ ಬಳಗದವರು ಭಾನುವಾರಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಸೇರುತ್ತೇವಲ್ಲ, ಅಲ್ಲಿ ಯಾರ ಅನುಮತಿಯೂ ಬೇಕಿಲ್ಲ. ವರ್ಣಮಾಲೆ, ಗಾದೆಗಳ ಜೊತೆಗೆ ಅರ್ಧ ಗಂಟೆ ಇದನ್ನೂ ಆಡಿಸೋಣ ಎಂಬುದು ನನ್ನ ಸೂಚನೆ. ನಮ್ಮ ಮಕ್ಕಳು ಎರಡು ಮೂರು ಭಾಷೆಗಳ ನಡುವೆ ನಿಂತವರು. ತರಗತಿಯಲ್ಲಿ ಅರ್ಥ ಹೇಳುವ ಕೆಲಸ ಅವರಿಗೆ ಮತ್ತೆ ಮತ್ತೆ ಬರುತ್ತದೆ.

'ಬಾಬಾ' ಎಂದು ಈಗ ಯಾರೂ ಕರೆಯುತ್ತಿಲ್ಲವೆಂದು ಮಗಳು ಹೇಳುತ್ತಾಳೆ. ಕಳೆದ ವಾರ ಅವಳನ್ನು ಕರೆತರಲು ಹೋದಾಗ ಆ ಹುಡುಗನ ತಾಯಿಯನ್ನು ಕಂಡೆ. ಗೇಟಿನ ಬಳಿ ಬಂದಿರಲಿಲ್ಲ. ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಮಗ ಹೊರಬಂದಾಗ ಕರೆಯಲಿಲ್ಲ, ಕೈ ಎತ್ತಿ ಬೀಸಿದರು ಅಷ್ಟೇ. ಅವನು ರಸ್ತೆ ದಾಟಿ ಅವರತ್ತ ಹೋದ.